ಸಿದ್ದಿ ಕೌದಿಯ ಕುಸುರಿ
ಉತ್ತರ ಕನ್ನಡ ಜಿಲ್ಲೆಯ ಹಳಿಯಾಳ, ಯಲ್ಲಾಪುರ, ಮುಂಡಗೋಡ ತಾಲ್ಲೂಕುಗಳಲ್ಲಿ ನೆಲೆಸಿರುವ ಆಫ್ರಿಕಾ ಮೂಲದ ಸಿದ್ದಿ ಸಮುದಾಯದ ಹೆಂಗಸರು ಹೊಲಿಯುವ ಕೌದಿ, ಅಂದರೆ ಹಾಸಲೂ ಹೊದೆಯಲೂ ಒದಗುವ ಪದರಪದರದ ಹೊದಿಕೆ, ಉಟ್ಟು ಸವೆದ ಬಟ್ಟೆಗಳಿಂದಲೇ ಮೈದಾಳುವುದರಿಂದ ಅದಕ್ಕೆ ತಗಲುವ ಖರ್ಚು ಬಹುಮಟ್ಟಿಗೆ ನೂಲಿನದು ಮಾತ್ರ. ತಳಕ್ಕೆ ಹಳೆಯ ಸೀರೆಯನ್ನು ಹಾಸಿ, ಅದರ ಅಂಚಿನಿಂದ ತೊಡಗಿ, ಸುತ್ತುತ್ತ ನಡುವಿನತ್ತ ಸಾಗುವ ಈ ಕೆಲಸದಲ್ಲಿ ಚೌಕಟ್ಟಿನ ಆಸರೆಯಿಲ್ಲ. ಬಟ್ಟೆಯ ಬಿಗಿಯನ್ನು ಕಾಯುವುದು ಹೊಲಿಯುವವಳ ಎಡಗೈ ಮತ್ತು ಮಡಿಲು. ಸೂಜಿ ಮೇಲೆ ಕೆಳಗೆ ಹಾಯುತ್ತ ಎಳೆಯುವ ನೇರ ಹೊಲಿಗೆಯ ಸಾಲುಗಳು ಒತ್ತೊತ್ತಾಗಿ ಬಿದ್ದಂತೆ ಮೇಲ್ಮೈಯಲ್ಲಿ ನೇಗಿಲಗೆರೆಗಳಂಥ ಏರಿಳಿತ ಮೂಡಿ, ಮೆತ್ತಗಿನ ಹಳೆಯ ಹತ್ತಿ ಬಟ್ಟೆಗೆ ಹೊಸ ಕಸುವು ಬರುತ್ತದೆ. ತೇಪೆಯ ಅಂಚನ್ನು ಒಳಮಡಿಸುವುದು, ಮುಂದಿನ ತುಂಡಿನ ಬಣ್ಣವನ್ನು ಆರಿಸುವುದು, ಹೊಲಿಯುವುದು ಎಲ್ಲವೂ ಒಟ್ಟೊಟ್ಟಿಗೆ ನಡೆಯುತ್ತವೆ. ಮುಂಚೆಯೇ ಬರೆದಿಟ್ಟ ನಕ್ಷೆಯಿಲ್ಲದೆ ಈ ಬಣ್ಣಗಳು ಹೀಗೆ ಹೊಂದುವುದು ಬೆರಗೇ ಸರಿ. ಕ್ರೈಸ್ತ ಸಿದ್ದಿಗಳ ಕೌದಿಗಳಲ್ಲಿ ಶಿಲುಬೆ, ಮುಸ್ಲಿಮರವುಗಳಲ್ಲಿ ಅರ್ಧಚಂದ್ರ ಕಾಣಸಿಗುವುದುಂಟು. ಆದರೆ ನೋಡುಗರ ಕಣ್ಣಿಗೆ ಬೀಳದೆ ಉಳಿಯುವುದು ನಾಲ್ಕು ಮೂಲೆಗಳ 'ಫೂಲ': ಚಿಕ್ಕ ಬಟ್ಟೆಚೂರುಗಳನ್ನು ಮುಕ್ಕೋನವಾಗಿ ಮಡಚಿ, ಒಂದರ ಮೇಲೊಂದು ಕೂರಿಸಿ ಹೊಲಿದ ಈ ಹೂವಿಲ್ಲದಿದ್ದರೆ ಕೌದಿ ಬೆತ್ತಲೆ ಎಂಬುದು ಹೊಲಿಯುವವರ ಭಾವನೆ. ಹೊದ್ದವರಿಗೆ ಅದರಿಂದ ಎಳ್ಳಷ್ಟೂ ಹೆಚ್ಚು ಬೆಚ್ಚಗಾಗುವುದಿಲ್ಲ. ಆದರೂ ಅದನ್ನು ಬಿಡುವವರಿಲ್ಲ.