ಗಾಯ ಮಾಯಿಸಿದ್ದು ಜೆಲ್ಲೋ, ಅರಿಶಿನವೋ?

ಅರಿಶಿನದ ಕರ್ಕ್ಯುಮಿನ್, ಸಿಗಡಿ ಚಿಪ್ಪಿನಿಂದ ತಯಾರಾಗುವ ಕೈಟೋಸಾನ್, ಜೇನುತುಪ್ಪ – ಇಂಥವನ್ನು ಹೈಡ್ರೊಜೆಲ್‌ಗೆ ಸೇರಿಸಿ ಕೀವುಗಟ್ಟಿದ ಗಾಯಕ್ಕೆ ಪಟ್ಟಿ ಮಾಡುವ ಸಂಶೋಧನೆ ಭರದಿಂದ ನಡೆದಿದೆ. ಪ್ರಬಂಧಗಳನ್ನು ಓದಿದರೆ ಎಲ್ಲವೂ ಗೆದ್ದಂತೆಯೇ ಕಾಣುತ್ತದೆ. ಗೆದ್ದದ್ದು ಯಾವುದು ಎಂಬುದೇ ನನ್ನ ತಕರಾರು.

ತೇವ ಆರದಂತೆ ಮುಚ್ಚಿಟ್ಟ ಗಾಯದ ಮೇಲೆ ಹೊಸ ಚರ್ಮ ಬೇಗ ಹರಡುತ್ತದೆಂದು ಸಂಶೋಧಕ ಜಾರ್ಜ್ ವಿಂಟರ್ 1962ರಲ್ಲೇ ಹಂದಿಗಳಲ್ಲಿ ತೋರಿಸಿದ್ದರು. ಹೈಡ್ರೊಜೆಲ್ ಎಂದರೆ ಬಹುಪಾಲು ನೀರೇ. ಅದನ್ನು ಒಣ ಪಟ್ಟಿಯ ಜೊತೆ ಹೋಲಿಸಿ ಗೆದ್ದರೆ ಆ ಗೆಲುವು ನೀರಿನದೂ ಇರಬಹುದು. ಔಷಧಿ ಸೇರಿಸದ ಅದೇ ಜೆಲ್ಲನ್ನು ಪಕ್ಕದಲ್ಲಿಟ್ಟು ನೋಡಬೇಕು. ಇನ್ನು ಇಂಥ ಪರೀಕ್ಷೆಗಳಲ್ಲಿ ಬಳಸುವ ಇಲಿಯ ಚರ್ಮ ಸಡಿಲ. ಅದರ ಗಾಯ ಹೆಚ್ಚಾಗಿ ಅಂಚು ಸೆಳೆದುಕೊಂಡೇ ಮುಚ್ಚುತ್ತದೆ. ರಕ್ತ ಸರಿಯಾಗಿ ಹರಿಯದ, ಸಕ್ಕರೆ ಕಾಯಿಲೆಯವರ ಪಾದದ ಹುಣ್ಣಿಗೆ ಅದು ಅಳತೆಗೋಲಾಗದು.

ಈ ಮೂರರಲ್ಲಿ ನಾನು ಮೊದಲ ಸ್ಥಾನ ಕೊಡುವುದು ಜೇನಿಗೆ. ಅದರ ಸಕ್ಕರೆ ಬ್ಯಾಕ್ಟೀರಿಯಾದಿಂದ ನೀರು ಹೀರುತ್ತದೆ; ಅದರಲ್ಲಿರುವ ಕಿಣ್ವವೊಂದು ಗಾಯದ ತೇವ ಸೇರಿದಾಗ ಹೈಡ್ರೊಜನ್ ಪೆರಾಕ್ಸೈಡ್ ಉಂಟುಮಾಡುತ್ತದೆ. ಕಾಯಿಸಿದರೆ ಆ ಕಿಣ್ವ ಹಾಳಾಗುವುದರಿಂದ ವೈದ್ಯಕೀಯ ಜೇನನ್ನು ಗಾಮಾ ಕಿರಣಗಳಿಂದ ಶುದ್ಧಿ ಮಾಡುತ್ತಾರೆ. ಹೆಚ್ಚು ಆಳವಲ್ಲದ ಸುಟ್ಟಗಾಯ ಮಾಮೂಲಿ ಪಟ್ಟಿಗಿಂತ ಜೇನಿನಲ್ಲಿ ನಾಲ್ಕೈದು ದಿನ ಬೇಗ ಮಾಯುತ್ತದೆಂದು ವೈದ್ಯಕೀಯ ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡುವ ಕೊಕ್ರೇನ್ ಸಂಸ್ಥೆಯ 2015ರ ಪರಾಮರ್ಶೆ ಹೇಳಿತು. ಸಕ್ಕರೆ ಕಾಯಿಲೆಯ ಪಾದದ ಹುಣ್ಣಿನ ಬಗ್ಗೆ ಮಾತ್ರ ಅದು ಖಚಿತವಾಗಿ ಏನನ್ನೂ ಹೇಳಲಿಲ್ಲ.

ಕೈಟೋಸಾನ್ ತನ್ನ ಧನ ವಿದ್ಯುದಂಶದಿಂದ ಬ್ಯಾಕ್ಟೀರಿಯಾದ ಹೊರಪೊರೆಗೆ ಅಂಟಿ ಅದನ್ನು ಕೆಡಿಸುತ್ತದೆ. ಆದರೆ ಆ ವಿದ್ಯುದಂಶ ಚೆನ್ನಾಗಿ ಉಳಿಯುವುದು ಆಮ್ಲೀಯ ವಾತಾವರಣದಲ್ಲಿ. ಬಹುಕಾಲ ಮಾಯದ ಹುಣ್ಣು ಸಾಮಾನ್ಯವಾಗಿ ಕ್ಷಾರದ ಕಡೆಗಿರುತ್ತದೆ.

ಕರ್ಕ್ಯುಮಿನ್ ನೀರಿನಲ್ಲಿ ಕರಗುವುದೇ ಕಷ್ಟ, ಬೆಳಕಿಗೂ ಕೆಡುತ್ತದೆ. ಗಾಯಕ್ಕೆ ಅರಿಶಿನ ಬಳಸುವುದರ ಮೇಲೆ 1995ರಲ್ಲಿ ಸಿಕ್ಕ ಅಮೆರಿಕದ ಪೇಟೆಂಟನ್ನು ಭಾರತದ ಸಂಶೋಧನಾ ಸಂಸ್ಥೆ ಸಿಎಸ್‌ಐಆರ್ ಹೋರಾಡಿ 1997ರಲ್ಲಿ ರದ್ದು ಮಾಡಿಸಿದ್ದು ಹೆಮ್ಮೆಯ ವಿಷಯವೇ. ಆದರೆ ಅಲ್ಲಿ ಸಾಬೀತಾದದ್ದು ಈ ಬಳಕೆ ನಮ್ಮಲ್ಲಿ ಹಳೆಯದು ಎಂಬುದು. ಕೀವುಗಟ್ಟಿದ ಹುಣ್ಣನ್ನು ಅದು ವಾಸಿಮಾಡುತ್ತದೆ ಎಂಬುದಲ್ಲ. ರೋಗಿಗಳ ಮೇಲಿನ ದೊಡ್ಡ ಪರೀಕ್ಷೆಯಲ್ಲಿ ಗೆಲ್ಲುವವರೆಗೆ ಕರ್ಕ್ಯುಮಿನ್ ಜೆಲ್ಲನ್ನು ನಾನು ಔಷಧಿ ಎನ್ನಲಾರೆ.

ಮನೆಯಲ್ಲಿ ಸಕ್ಕರೆ ಕಾಯಿಲೆಯವರಿದ್ದು ಕಾಲಿನಲ್ಲಿ ಹುಣ್ಣಾಗಿದ್ದರೆ ಡಬ್ಬಿಯ ಅರಿಶಿನವನ್ನೋ ಅಡುಗೆಮನೆಯ ಜೇನನ್ನೋ ಹಚ್ಚಿ ಕಾಯಬೇಡಿ. ಸತ್ತ ಮಾಂಸ ತೆಗೆಸಬೇಕು, ಸಕ್ಕರೆ ಹತೋಟಿಗೆ ತರಬೇಕು, ಆ ಕಾಲಿನ ಮೇಲೆ ಭಾರ ಬೀಳದಂತೆ ನೋಡಿಕೊಳ್ಳಬೇಕು. ಇವತ್ತೇ ಡಾಕ್ಟರಿಗೆ ತೋರಿಸಿ.