ಆಕಾಂಕ್ಷೆಯೂ ತಾತ್ಪರ್ಯವೂ: ರೆಸ್ಟ್‌ಲರ್ ಪ್ರಬಂಧದ ವಿಮರ್ಶೆ

ವಾಕ್ಯಾರ್ಥಬೋಧಕ್ಕೆ ಆಕಾಂಕ್ಷೆ, ಯೋಗ್ಯತೆ, ಸನ್ನಿಧಿಗಳನ್ನು ನೈಯಾಯಿಕರು ಕಾರಣಗಳೆಂದು ಹೇಳುವರು; ತಾತ್ಪರ್ಯಜ್ಞಾನವೂ ಬೇಕೆಂಬುದು ನವೀನರ ಮತ. ಈ ವಿಭಾಗವು ಗಣಕಯಂತ್ರದ ತಂತ್ರಾಂಶಪರೀಕ್ಷೆಯ ಗುಣದೋಷವಿವೇಚನೆಗೂ ಒದಗುವುದು. ಅಟ್ಲಿಡಾಕಿಸ್, ಗೋಡ್‌ಫ್ರುವಾ, ಪೋಲಿಷ್‌ಚುಕ್ ಎಂಬ ಮೂವರು ೨೦೧೯ರಲ್ಲಿ ಪ್ರಕಟಿಸಿದ ರೆಸ್ಟ್‌ಲರ್ ಎಂಬ ಪರೀಕ್ಷಾಸಾಧನದ ಪ್ರಬಂಧವೇ ಇದಕ್ಕೆ ನಿದರ್ಶನ.

ಜಾಲದಲ್ಲಿ ಕ್ಲೈಂಟ್ ಬೇಡುವುದು, ಸರ್ವರ್ ಉತ್ತರಿಸುವುದು. ಬೇಡಿಕೆಗಳ ರೂಪವನ್ನು ನಿರೂಪಿಸುವ ಲಕ್ಷಣಪತ್ರವೊಂದುಂಟು. ಅದನ್ನೋದಿ ಪರೀಕ್ಷೆಗಳನ್ನು ತಾನಾಗಿಯೇ ರಚಿಸುವುದು ರೆಸ್ಟ್‌ಲರಿನ ಕಾರ್ಯ. ಲೇಖನವೊಂದನ್ನು ಅಳಿಸೆಂಬ ಬೇಡಿಕೆಗೆ ಅದರ ಗುರುತಿನ ಸಂಖ್ಯೆ ಬೇಕು; ಆ ಸಂಖ್ಯೆಯು ಲೇಖನವನ್ನು ಸೃಷ್ಟಿಸೆಂಬ ಹಿಂದಿನ ಬೇಡಿಕೆಯ ಉತ್ತರದಲ್ಲಿ ದೊರೆಯತಕ್ಕದ್ದು. ಈ ಪರಸ್ಪರಾಪೇಕ್ಷೆಯೇ ಆಕಾಂಕ್ಷೆ. ಇದನ್ನು ಪತ್ರದಿಂದ ಊಹಿಸಿ ಸಾಧನವು ಬೇಡಿಕೆಗಳ ಸರಣಿಯನ್ನು ಕಟ್ಟುವುದು. ಸರ್ವರ್ ನಿರಾಕರಿಸಿದ ಜೋಡಣೆಯನ್ನು ಮುಂದೆ ವರ್ಜಿಸುವುದು. ಬೆಂಕಿಯಿಂದ ತೋಯಿಸೆಂಬ ಮಾತಿನಂತೆ ಅದು ಯೋಗ್ಯತಾರಹಿತವೆಂದು ಅನುಭವದಿಂದ ಕಲಿತಂತಾಯಿತು. ಬಿಡಿ ಬೇಡಿಕೆಗಳನ್ನು ವಿಕಾರಗೊಳಿಸಿ ಕಳುಹಿಸುವ ಕ್ರಮಕ್ಕಿಂತ ಇದು ಉತ್ತಮವೆಂಬುದರಲ್ಲಿ ಸಂದೇಹವಿಲ್ಲ. ಗಿಟ್‌ಲ್ಯಾಬ್ ಎಂಬ ತಂತ್ರಾಂಶದಲ್ಲಿ ಈ ಕ್ರಮದಿಂದ ೨೮ ದೋಷಗಳು ಹೊರಬಿದ್ದುವು.

ಆದರೆ ದೋಷವೆಂದು ನಿಶ್ಚಯಿಸಲು ಪ್ರಮಾಣವೇನು? ಸರ್ವರ್ ೫೦೦ ಎಂಬ ಸಂಕೇತದಿಂದ ತನ್ನೊಳಗೆ ಕೆಟ್ಟಿತೆಂದು ತಾನೇ ಒಪ್ಪಿಕೊಳ್ಳುವುದು. ಕಳ್ಳನು ಒಪ್ಪಿದರೆ ಮಾತ್ರ ಕಳವು ಎಂದಂತೆ ಇದು. ಅಳಿಸಿದ ಲೇಖನವನ್ನು ಸರ್ವರ್ ಮತ್ತೆ ತಂದುಕೊಟ್ಟು, ೨೦೦ ಎಂಬ ಸಂಕೇತದಿಂದ ಎಲ್ಲವೂ ಸರಿಯೆಂದರೆ, ಪರೀಕ್ಷೆಯು ಮೌನವಾಗಿರುವುದು. ಆಕಾಂಕ್ಷೆಯೂ ಯೋಗ್ಯತೆಯೂ ಸಿದ್ಧಿಸಿದುವು; ತಾತ್ಪರ್ಯವು ದೂರವೇ ಉಳಿಯಿತು.

ಈ ಆಕ್ಷೇಪಕ್ಕೆ ಅದೇ ಗ್ರಂಥಕರ್ತರು ೨೦೨೦ರ ಪ್ರಬಂಧದಲ್ಲಿ ಸಮಾಧಾನವನ್ನು ಹೇಳಿರುವರೆನ್ನಬಹುದು. ಅಳಿಸಿದುದು ಮತ್ತೆ ದೊರೆಯಕೂಡದು, ಒಬ್ಬನದು ಮತ್ತೊಬ್ಬನಿಗೆ ದೊರೆಯಕೂಡದು ಎಂಬಿವೇ ಮೊದಲಾದ ನಾಲ್ಕು ನಿಯಮಗಳನ್ನು ಅಲ್ಲಿ ಸೇರಿಸಿರುವರು. ಇದು ಯುಕ್ತವಾದ ದಾರಿ. ಆದರೂ ಈ ನಿಯಮಗಳು ಮನುಷ್ಯರು ಆಲೋಚಿಸಿ ವಿಧಿಸಿದುವು, ಎಲ್ಲ ಸೇವೆಗಳಿಗೂ ಸಾಧಾರಣವಾದುವು. ಬ್ಯಾಂಕೊಂದರ ಸರ್ವರ್ ಬಡ್ಡಿಯನ್ನು ತಪ್ಪಾಗಿ ಎಣಿಸಿದರೆ ನಾಲ್ಕರಲ್ಲೊಂದೂ ಭಂಗವಾಗದು. ಬಡ್ಡಿಯ ನಿಜವಾದ ಲೆಕ್ಕವು ಲಕ್ಷಣಪತ್ರದಲ್ಲಿಲ್ಲ; ಪತ್ರದಲ್ಲಿಲ್ಲದುದನ್ನು ಸಾಧನವು ಅರಿಯದು.

ಆದುದರಿಂದ ರಚಿತವಾದ ಪರೀಕ್ಷೆಗಳ ಸಂಖ್ಯೆಯಿಂದಲೇ ತಂತ್ರಾಂಶದ ಶುದ್ಧಿಯನ್ನು ನಿರ್ಣಯಿಸುವುದು ಸಲ್ಲದು. ಬೇಡಿಕೆಗಳನ್ನು ಜೋಡಿಸುವ ಶ್ರಮವನ್ನು ಯಂತ್ರಕ್ಕೆ ಒಪ್ಪಿಸಬಹುದು. ಉತ್ತರವು ಹೇಗಿರತಕ್ಕದ್ದೆಂಬುದನ್ನು ಬರೆದಿಡುವ ಹೊಣೆಯು ತಂತ್ರಾಂಶವನ್ನು ರಚಿಸಿದವರದೇ.