ಮೇಲ್ನೋಟದ ಬಲ: ನೀತಿಯಲ್ಲಿಯೂ ಕಾನೂನಿನಲ್ಲಿಯೂ ‘ಪ್ರೈಮಾ ಫೇಸಿ’

‘ಪ್ರೈಮಾ ಫೇಸಿ’ ಎಂಬ ಲ್ಯಾಟಿನ್ ನುಡಿಗಟ್ಟಿಗೆ ಸಂವಾದಿಯಾಗಿ ಕನ್ನಡದಲ್ಲಿ ‘ಮೇಲ್ನೋಟಕ್ಕೆ’ ಎಂಬ ಪದ ರೂಢಿಗೆ ಬಂದಿದೆ. ‘ಪ್ರಥಮದೃಷ್ಟ್ಯಾ’ ಎಂಬ ಸಂಸ್ಕೃತ ರೂಪವೂ ಅಲ್ಲಲ್ಲಿ ಕಾಣಿಸಿಕೊಳ್ಳುವುದುಂಟು. ಪದಶಃ ನೋಡಿದರೆ ಎರಡೂ ಸಲ್ಲುವಂಥವೇ. ತೊಡಕಿರುವುದು ಕನ್ನಡ ವಾಕ್ಯದ ಸ್ವಭಾವದಲ್ಲಿ. ‘ಮೇಲ್ನೋಟಕ್ಕೆ’ ಎಂದು ಮೊದಲಾದ ಕನ್ನಡ ವಾಕ್ಯವು ‘ಆದರೆ’ ಎಂಬುದನ್ನು ನಿರೀಕ್ಷಿಸುತ್ತದೆ. ಮೇಲ್ನೋಟಕ್ಕೆ ಸಾಧು ಎನಿಸುವವನು ನಿಜದಲ್ಲಿ ಹಾಗಿಲ್ಲ ಎಂಬ ಧ್ವನಿ ಅದರಲ್ಲಿ ಅಡಗಿರುತ್ತದೆ. ಕಾನೂನಿನ ಪರಿಭಾಷೆಯಲ್ಲಿ ಆ ಧ್ವನಿಯಿಲ್ಲ. ಅಲ್ಲಿ ಅದು, ಎದುರು ಪಕ್ಷ ಉತ್ತರಿಸುವವರೆಗೆ ನಿಲ್ಲಬಲ್ಲದ್ದು ಎಂಬ ಬಲವನ್ನು ಸೂಚಿಸುತ್ತದೆ. ಪತ್ರಿಕೆಗಳು ಬಳಸುವ ‘ಆರೋಪ ಮೇಲ್ನೋಟಕ್ಕೆ ಸಾಬೀತು’ ಎಂಬ ಶೀರ್ಷಿಕೆಯಂತೂ ಎರಡು ಅರ್ಥಗಳನ್ನೂ ಕೆಡಿಸುತ್ತದೆ. ಸಾಬೀತಾದದ್ದು ಮೇಲ್ನೋಟದ್ದಾಗಿರಲಾರದು, ಮೇಲ್ನೋಟದ್ದು ಇನ್ನೂ ಸಾಬೀತಾಗಿರುವುದಿಲ್ಲ.

ಈ ಪದದ ಕಾನೂನಿನ ಅರ್ಥವನ್ನು ಸರ್ವೋಚ್ಚ ನ್ಯಾಯಾಲಯವು ಮಾರ್ಟಿನ್ ಬರ್ನ್ ಕಂಪನಿಯ ಕಾರ್ಮಿಕ ವಿವಾದದಲ್ಲಿ (1957) ಸಾಕಷ್ಟು ಸ್ಪಷ್ಟಪಡಿಸಿತು. ಮೇಲ್ನೋಟದ ಪ್ರಕರಣವೆಂದರೆ ಸಂಪೂರ್ಣವಾಗಿ ರುಜುವಾತಾದ ಪ್ರಕರಣವಲ್ಲ. ಮಂಡಿಸಿದ ಸಾಕ್ಷ್ಯವನ್ನು ನಂಬಿದರೆ ಸ್ಥಾಪಿತವಾಯಿತೆನ್ನಬಹುದಾದ ಪ್ರಕರಣ ಎಂಬುದು ಅದರ ತಾತ್ಪರ್ಯ. ಇಲ್ಲಿ ‘ನಂಬಿದರೆ’ ಎಂಬ ಷರತ್ತೇ ಮುಖ್ಯ. ತಾತ್ಕಾಲಿಕ ತಡೆಯಾಜ್ಞೆಯ ಸಂದರ್ಭದಲ್ಲಿ, ದಳಪತ್ ಕುಮಾರ್ ಪ್ರಕರಣವು (1991) ಮೇಲ್ನೋಟದ ಪ್ರಕರಣವನ್ನು ಮೇಲ್ನೋಟದ ಹಕ್ಕಿನೊಡನೆ ಬೆರೆಸಬಾರದೆಂದು ಎಚ್ಚರಿಸಿತು. ಹಕ್ಕು ಯಾರದೆಂಬುದು ಸಾಕ್ಷ್ಯ ವಿಚಾರಣೆಯ ಅನಂತರ ನಿರ್ಧಾರವಾಗತಕ್ಕದ್ದು. ಈ ಎರಡೂ ತೀರ್ಪುಗಳ ಹಿಂದಿರುವ ಕಲ್ಪನೆ ಒಂದೇ: ಮೊದಲ ನೋಟದ ಬಳಿಕ ಎರಡನೆಯ ನೋಟ ಇದ್ದೇ ಇರುತ್ತದೆ. ಮೊದಲನೆಯದು ಬಾಗಿಲು ತೆರೆಯುವಷ್ಟೇ ಕೆಲಸ ಮಾಡುತ್ತದೆ.

ನೀತಿಶಾಸ್ತ್ರಕ್ಕೆ ಈ ಪದವನ್ನು ತಂದು ನೆಲೆಗೊಳಿಸಿದವನು ಆಕ್ಸ್‌ಫರ್ಡಿನ ವಿದ್ವಾಂಸ ಡಬ್ಲ್ಯು. ಡಿ. ರಾಸ್ (1877–1971). ಅರಿಸ್ಟಾಟಲನ ಕೃತಿಗಳ ಸಂಪಾದಕನಾಗಿ ಹೆಸರಾಗಿದ್ದ ಈತ 1930ರಲ್ಲಿ ಪ್ರಕಟಿಸಿದ ‘ದಿ ರೈಟ್ ಅಂಡ್ ದಿ ಗುಡ್’ ಎಂಬ ಗ್ರಂಥದಲ್ಲಿ, ಒಂದೇ ಪರಮತತ್ತ್ವದಿಂದ ಎಲ್ಲ ಕರ್ತವ್ಯಗಳನ್ನೂ ಹೊರಡಿಸುವ ಪ್ರಯತ್ನವನ್ನು ನಿರಾಕರಿಸಿದನು. ಕೊಟ್ಟ ಮಾತು, ಮಾಡಿದ ಕೇಡಿನ ಪರಿಹಾರ, ಕೃತಜ್ಞತೆ, ನ್ಯಾಯ, ಪರೋಪಕಾರ, ಆತ್ಮೋನ್ನತಿ, ಪರರಿಗೆ ನೋವುಂಟುಮಾಡದಿರುವಿಕೆ – ಇವು ಪ್ರತ್ಯೇಕ ಬೇರುಗಳುಳ್ಳ ಕರ್ತವ್ಯಗಳು. ಎರಡು ಘರ್ಷಿಸಿದಾಗ ಆ ಸಂದರ್ಭದಲ್ಲಿ ಹೆಚ್ಚು ತೂಕದ್ದು ವಾಸ್ತವ ಕರ್ತವ್ಯವಾಗುತ್ತದೆ. ಗೆಳೆಯನನ್ನು ಭೇಟಿಯಾಗುವೆನೆಂದು ಮಾತು ಕೊಟ್ಟವನು, ದಾರಿಯಲ್ಲಿ ಅಪಘಾತಕ್ಕೊಳಗಾದವರಿಗೆ ನೆರವಾಗಲು ಆ ಮಾತನ್ನು ಮುರಿದರೆ ತಪ್ಪಿಲ್ಲ. ಆದರೂ ಅವನ ಮನಸ್ಸಿನಲ್ಲಿ ಒಂದು ಅಳುಕು ಉಳಿಯುತ್ತದೆ. ಅದು ನಾಚಿಕೆಯಲ್ಲ, ಪಶ್ಚಾತ್ತಾಪವೂ ಅಲ್ಲ. ಗೆಳೆಯನಿಗೆ ಹೇಗಾದರೂ ಅದನ್ನು ತುಂಬಿಕೊಡಬೇಕೆಂಬ ಹೊಣೆಯೂ ಉಳಿಯುತ್ತದೆ.

ಈ ಶೇಷವೇ ರಾಸ್‌ನ ಸಿದ್ಧಾಂತದ ಜೀವಾಳ. ಆತ ಆಯ್ದ ಹೆಸರು ಮಾತ್ರ ಈ ಜೀವಾಳಕ್ಕೆ ವಿರುದ್ಧವಾಗಿದೆ. ‘ಮೇಲ್ನೋಟದ ಕರ್ತವ್ಯ’ ಎಂದರೆ ಕರ್ತವ್ಯದಂತೆ ತೋರುವುದು, ಪರಿಶೀಲಿಸಿದಾಗ ಮಾಯವಾಗಬಹುದಾದದ್ದು ಎಂಬ ಅರ್ಥ ಬರುತ್ತದೆಂದು ರಾಸ್ ತಾನೇ ಕಂಡುಕೊಂಡು, ಪದಕ್ಕಾಗಿ ಓದುಗರ ಕ್ಷಮೆಯನ್ನೂ ಕೇಳಿದ್ದಾನೆ. ಕ್ಷಮೆ ಕೇಳಿದರೂ ಪದವನ್ನು ಬಿಡಲಿಲ್ಲ. ಬಳಿಕ ಶೆಲ್ಲಿ ಕೇಗನ್ ಮೊದಲಾದವರು ‘ಪ್ರೊ ಟ್ಯಾಂಟೊ’, ಅಂದರೆ ‘ಅಷ್ಟರಮಟ್ಟಿಗೆ’, ಎಂಬ ಪದವನ್ನು ಮುಂದಿಟ್ಟರು. ಸೋತರೂ ತೂಕ ಕಳೆದುಕೊಳ್ಳದ ಕಾರಣ ಒಂದು. ಕಾರಣವೆಂದು ತೋರಿ ಕಾರಣವೇ ಅಲ್ಲವೆಂದು ಗೊತ್ತಾಗುವುದು ಇನ್ನೊಂದು. ರಾಸ್‌ಗೆ ಬೇಕಾಗಿದ್ದುದು ಮೊದಲನೆಯದು.

ಈ ವ್ಯತ್ಯಾಸವನ್ನು ಭಾರತೀಯ ಮೀಮಾಂಸೆ ಬಹಳ ಹಿಂದೆಯೇ ಬೇರೊಂದು ಕ್ಷೇತ್ರದಲ್ಲಿ ಗುರುತಿಸಿತ್ತೆಂಬುದು ಗಮನಾರ್ಹ. ಜೈಮಿನಿಯ ಸೂತ್ರಗಳ ಹತ್ತನೆಯ ಅಧ್ಯಾಯದ ವಿಷಯ ‘ಬಾಧ’. ಮೀಮಾಂಸಕರು ಅದನ್ನು ಪ್ರಾಪ್ತಬಾಧ, ಅಪ್ರಾಪ್ತಬಾಧ ಎಂದು ಎರಡು ಬಗೆಯಾಗಿ ವಿಂಗಡಿಸುತ್ತಾರೆ. ನಿಜವಾಗಿ ಅನ್ವಯಿಸಲು ಬಂದ ವಿಧಿಯನ್ನು ತಡೆದರೆ ಅದು ಪ್ರಾಪ್ತಬಾಧ. ಬರುವಂತೆ ತೋರಿದ್ದು, ಪ್ರಬಲ ಪ್ರಮಾಣದಿಂದಾಗಿ ಬರುವ ಮುನ್ನವೇ ನಿಂತುಹೋದರೆ ಅಪ್ರಾಪ್ತಬಾಧ. ರಾಸ್‌ನ ಪದ ಎರಡನೆಯದನ್ನು ಹೇಳುತ್ತದೆ, ಅವನ ಉದ್ದೇಶ ಮೊದಲನೆಯದರ ಕಡೆಗಿದೆ ಎನ್ನಬಹುದು. ಆದರೆ ಈ ಹೋಲಿಕೆಯನ್ನು ಹೆಚ್ಚು ಎಳೆಯಲಾಗದು. ಚಿನ್ನದ ಕೃಷ್ಣಲಗಳನ್ನು ಬೇಯಿಸುವ ಇಷ್ಟಿಯಲ್ಲಿ ಭತ್ತಕ್ಕೆ ಹೇಳಿದ ಕುಟ್ಟುವ ಕ್ರಿಯೆ ಬಿಟ್ಟುಹೋಗುತ್ತದೆ. ಹೊಟ್ಟೇ ಇಲ್ಲದ ಮೇಲೆ ಕುಟ್ಟಿ ಪ್ರಯೋಜನವೇನು? ಬಿಟ್ಟವನಿಗೆ ಅಲ್ಲಿ ಯಾವ ಅಳುಕೂ ಉಳಿಯುವುದಿಲ್ಲ. ವಿಧಿಗಳ ಬಾಧೆಗೆ ಗಾಯವಿಲ್ಲ, ಮನುಷ್ಯರ ನಡುವಣ ಕರ್ತವ್ಯಗಳ ಬಾಧೆಗೆ ಇದೆ.

ಆ ಗಾಯದ ಉತ್ತಮ ನಿದರ್ಶನವನ್ನು ಕನ್ನಡದ ಜನಪದ ಪರಂಪರೆಯ ‘ಗೋವಿನ ಹಾಡು’ ಒದಗಿಸುತ್ತದೆ. ಅದನ್ನು ಸತ್ಯದ ವಿಜಯವೆಂದಷ್ಟೇ ಓದುವುದು ಪಠ್ಯಪುಸ್ತಕಗಳಿಂದ ಬಂದ ರೂಢಿ. ಪುಣ್ಯಕೋಟಿಯ ಎದುರಿಗೆ ಹುಲಿಗೆ ಕೊಟ್ಟ ಮಾತಿದೆ, ಹಾಲು ಬಿಡದ ಕರುವೂ ಇದೆ. ಮಾತು ಗೆದ್ದಿತೆಂದು ಕರುವಿನ ಹೊಣೆ ಇಲ್ಲವಾಗಲಿಲ್ಲ. ಆದ್ದರಿಂದಲೇ ಆಕೆ ಹೊರಡುವ ಮುನ್ನ ಕರುವನ್ನು ಉಳಿದ ಹಸುಗಳ ಕೈಗೆ ಒಪ್ಪಿಸುತ್ತಾಳೆ. ವಿಮರ್ಶೆ ಸಾಮಾನ್ಯವಾಗಿ ದಾಟಿಹೋಗುವ ಈ ಭಾಗದಲ್ಲಿ ಸೋತ ಕರ್ತವ್ಯಕ್ಕೆ ಸಲ್ಲಬೇಕಾದದ್ದು ಸಲ್ಲುತ್ತದೆ. ಹಾಡಿನ ನೈತಿಕ ಸೂಕ್ಷ್ಮತೆ ಹುಲಿಯ ಪರಿವರ್ತನೆಗಿಂತ ಇಲ್ಲಿಯೇ ಹೆಚ್ಚಾಗಿದೆ.

ರಾಸ್‌ನ ಸಿದ್ಧಾಂತದ ನಿಜವಾದ ಕೊರತೆ ಬೇರೆಡೆ ಇದೆ. ತೂಗುವ ಕ್ರಮವನ್ನು ಆತ ಹೇಳುವುದಿಲ್ಲ. ಅರಿಸ್ಟಾಟಲನನ್ನು ಅನುಸರಿಸಿ, ನಿರ್ಧಾರ ಗ್ರಹಿಕೆಗೆ ಸೇರಿದ್ದು ಎಂದು ಬಿಡುತ್ತಾನೆ. ಕಾನೂನಿನಲ್ಲಿ ಮೊದಲ ನೋಟ ಒಬ್ಬರದು, ಪ್ರತಿವಾದ ಇನ್ನೊಬ್ಬರದು, ತೀರ್ಪು ಮೂರನೆಯವರದು. ನೀತಿಯಲ್ಲಿ ಮೂವರ ಕೆಲಸವೂ ಒಬ್ಬನ ಮೇಲೆಯೇ ಬೀಳುತ್ತದೆ, ಅದೂ ಅಪಘಾತದ ಸ್ಥಳದಲ್ಲಿ ನಿಂತಿರುವಾಗ. ಹೀಗಾಗಿ ಕಾನೂನಿನ ಪದವನ್ನು ಎರವಲು ಪಡೆದ ನೀತಿಶಾಸ್ತ್ರಕ್ಕೆ ಅದರ ಕಾರ್ಯವಿಧಾನ ದಕ್ಕಲಿಲ್ಲ.

ವಿಪರ್ಯಾಸವೆಂದರೆ, ಕಾನೂನೇ ಕೆಲವೆಡೆ ಆ ಕಾರ್ಯವಿಧಾನವನ್ನು ಸಡಿಲಿಸಿದೆ. ಕಾನೂನುಬಾಹಿರ ಚಟುವಟಿಕೆಗಳ (ತಡೆ) ಅಧಿನಿಯಮಕ್ಕೆ 2008ರಲ್ಲಿ ಸೇರಿಸಿದ 43ಡಿ(5) ಉಪಪ್ರಕರಣದಂತೆ, ಆರೋಪವು ‘ಮೇಲ್ನೋಟಕ್ಕೆ ನಿಜ’ವೆಂದು ನಂಬಲು ಸಮಂಜಸ ಆಧಾರವಿದ್ದರೆ ಜಾಮೀನು ನೀಡುವಂತಿಲ್ಲ. ‘ಪ್ರಕರಣ’ ಎಂಬ ನಾಮಪದದೊಡನೆ ಇದ್ದ ವಿಶೇಷಣ ಇಲ್ಲಿ ‘ನಿಜ’ ಎಂಬುದರೊಡನೆ ಸೇರಿಕೊಂಡಿದೆ. ಮೊದಲನೆಯದು ವಿಚಾರಣೆಗೆ ಬಾಗಿಲು ತೆರೆದರೆ, ಎರಡನೆಯದು ಸೆರೆಮನೆಯ ಬಾಗಿಲನ್ನು ಮುಚ್ಚುತ್ತದೆ. ವಟಾಲಿ ಪ್ರಕರಣದಲ್ಲಿ (2019) ಸರ್ವೋಚ್ಚ ನ್ಯಾಯಾಲಯವು ಈ ಹಂತದಲ್ಲಿ ಸಾಕ್ಷ್ಯವನ್ನು ವಿವರವಾಗಿ ತೂಗಬಾರದು, ಸ್ಥೂಲ ಸಂಭಾವ್ಯತೆಗಳನ್ನಷ್ಟೇ ನೋಡಬೇಕು ಎಂದಿತು. ಮಾರ್ಟಿನ್ ಬರ್ನ್ ತೀರ್ಪಿನ ‘ನಂಬಿದರೆ’ ಎಂಬ ಷರತ್ತು ಇಲ್ಲಿ ಬಹುಮಟ್ಟಿಗೆ ‘ನಂಬಿ’ ಎಂಬ ವಿಧಿಯಾಗಿ ಮಾರ್ಪಟ್ಟಿತು. ಎರಡನೆಯ ನೋಟವು ವರ್ಷಗಟ್ಟಲೆ ಬಾರದೆ ಹೋದಾಗ ಮೊದಲ ನೋಟವೇ ಶಿಕ್ಷೆಯ ಕೆಲಸ ಮಾಡತೊಡಗುತ್ತದೆ. ನಜೀಬ್ ಪ್ರಕರಣದ ಆರೋಪಿ ಐದು ವರ್ಷಕ್ಕೂ ಮಿಕ್ಕಿ ಬಂಧನದಲ್ಲಿದ್ದನು. ವಿಚಾರಣೆ ಸಕಾಲದಲ್ಲಿ ಮುಗಿಯುವ ಸಂಭವವಿಲ್ಲದಿದ್ದರೆ ಸಾಂವಿಧಾನಿಕ ನ್ಯಾಯಾಲಯಗಳು ಜಾಮೀನು ನೀಡಬಹುದೆಂದು 2021ರಲ್ಲಿ ಹೇಳಬೇಕಾಗಿ ಬಂದದ್ದು ಆ ಕಾರಣದಿಂದ.

ವರ್ನನ್ ಪ್ರಕರಣದ ತೀರ್ಪು (2023) ಪದದ ಅರ್ಥಕ್ಕೇ ಮರಳಿತು. ಸಾಕ್ಷ್ಯದ ರುಜುವಾತಿನ ಮೌಲ್ಯವನ್ನು ಮೇಲ್ಮಟ್ಟದಲ್ಲಾದರೂ ಪರಿಶೀಲಿಸದೆ ಮೇಲ್ನೋಟದ ನಿರ್ಣಯ ಸಾಧ್ಯವಿಲ್ಲವೆಂಬುದು ಅದರ ನಿಲುವು. ಮೇಲ್ನೋಟವೂ ಒಂದು ನೋಟ ಎಂದು ಅದನ್ನು ಕನ್ನಡದಲ್ಲಿ ಹೇಳಬಹುದು. ಕಣ್ಣು ಮುಚ್ಚಿ ಕಾಗದಪತ್ರವನ್ನು ಸ್ವೀಕರಿಸುವುದಕ್ಕೆ ಆ ಹೆಸರು ಸಲ್ಲುವುದಿಲ್ಲ.